ಮೀನು ನದಿಯದು, ಉಪ್ಪು ಯಾರದು?

ಬೆಸ ಸಂಖ್ಯೆಯ ವರ್ಷ ಬಂತೆಂದರೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಡುವಾಲ್ ಊರಿನ ಮಗ್ಗುಲಲ್ಲೇ ಹರಿಯುವ ಸ್ನೋಕ್ವಾಲ್ಮಿ ನದಿಗೆ ಪಿಂಕ್ ಸಾಲ್ಮನ್ ಏರುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗೆ ಅದರ ಭರಾಟೆ. ಎರಡೇ ವರ್ಷ ಬದುಕುವ ಮೀನು ಅದು. ಕಡಲಲ್ಲಿ ಬೆಳೆದು, ಮೊಟ್ಟೆಯಿಡುವ ಹೊತ್ತಿಗೆ ಹುಟ್ಟಿದ ನೀರಿಗೆ ಮರಳಿ, ಅಲ್ಲೇ ಸಾಯುತ್ತದೆ. ಗಂಡು ಮೀನಿಗೆ ಬೆನ್ನ ಮೇಲೆ ಗೂನು ಏಳುತ್ತದೆ. ಮಾಂಸ ಮೆದು, ಬಣ್ಣ ತೆಳು, ಹಿಡಿದ ಕೂಡಲೇ ಹೊಟ್ಟೆ ಸೀಳಿ ಐಸಿಗೆ ಹಾಕದಿದ್ದರೆ ಬೇಗ ಹಾಳು. ಚಿನೂಕ್ ಸಾಲ್ಮನ್‌ಗೆ ಸಿಗುವ ಮರ್ಯಾದೆ ಇದಕ್ಕಿಲ್ಲ. ಆದರೆ ಬಂದರೆ ರಾಶಿ ರಾಶಿ ಬರುತ್ತದೆ. ಒಮ್ಮೆಗೇ ರಾಶಿ ಬಂದದ್ದನ್ನು ಮುಂದಿನ ಹಂಗಾಮಿನವರೆಗೆ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯಿಂದಲೇ ಮೀನಿನ ಉಪ್ಪಿನಕಾಯಿ ಹುಟ್ಟಿದ್ದು, ಈ ನದಿಯ ದಡದಲ್ಲಾದರೂ ಸರಿ, ಮಲ್ಪೆಯ ಕಡಲತಡಿಯಲ್ಲಾದರೂ ಸರಿ.

ಡುವಾಲ್ ಇರುವುದು ಸಿಯಾಟಲ್‌ನಿಂದ ಪೂರ್ವಕ್ಕೆ, ತುಸು ಈಶಾನ್ಯಕ್ಕೆ ವಾಲಿ, ಸುಮಾರು 40 ಕಿಲೋಮೀಟರ್ ದೂರದಲ್ಲಿ. 2020ರ ಜನಗಣತಿಯಂತೆ ಎಂಟು ಸಾವಿರ ಜನರ ಊರು. ಮೊದಲು ಹತ್ತಿರದಲ್ಲೇ ಚೆರ್ರಿ ವ್ಯಾಲಿ ಎಂಬ ವಸತಿ ಇತ್ತು. 1910ರ ಸುಮಾರಿಗೆ ಮಿಲ್ವಾಕೀ ಕಂಪನಿಯ ರೈಲುಹಳಿ ಬಂದಾಗ ಅಲ್ಲಿನ ಕಟ್ಟಡಗಳನ್ನು ಎಬ್ಬಿಸಿ ಈಗಿನ ಗುಡ್ಡದ ಇಳಿಜಾರಿಗೆ ಸಾಗಿಸಿದರು. ಆ ಜಾಗ ಮರ ಕಡಿಸುವ ಕಸುಬಿನ ಜೇಮ್ಸ್ ಡುವಾಲ್ ಎಂಬಾತ ಹಿಂದೆ ನೆಲೆ ನಿಂತಿದ್ದ ಜಮೀನು. ಅವನ ಹೆಸರೇ ಊರಿಗೆ ಉಳಿಯಿತು. 1913ರಲ್ಲಿ ಪುರಸಭೆಯಾಯಿತು.

ಮೀನಿನ ಮಟ್ಟಿಗೆ ಈ ಜಾಗಕ್ಕೆ ಒಂದು ವಿಶೇಷವಿದೆ. ನದಿಯ ಜಾಡಿನಲ್ಲಿ ಮೇಲಕ್ಕೆ ಹೋದರೆ 82 ಮೀಟರ್ ಎತ್ತರದ ಸ್ನೋಕ್ವಾಲ್ಮಿ ಜಲಪಾತ ಸಿಗುತ್ತದೆ. ಎಷ್ಟೇ ಜಿಗಿಯಬಲ್ಲ ಸಾಲ್ಮನ್ ಆದರೂ ಅದನ್ನು ಏರಲಾರದು. ಹಾಗಾಗಿ ಕಡಲಿನಿಂದ ಬಂದ ಮೀನೆಲ್ಲ ಜಲಪಾತದ ಕೆಳಗಿನ ಕಣಿವೆಯಲ್ಲೇ, ಅಂದರೆ ಡುವಾಲ್, ಕಾರ್ನೇಶನ್, ಫಾಲ್ ಸಿಟಿಯ ಸುತ್ತಿನ ನದಿಯಲ್ಲೂ ಚೆರ್ರಿ ಕ್ರೀಕ್, ಟೋಲ್ಟ್, ರೇಜಿಂಗ್ ಎಂಬ ಅದರ ಉಪನದಿಗಳಲ್ಲೂ ತಂಗಬೇಕು. ಪಿಂಕ್ ಮುಗಿಯುತ್ತಿದ್ದಂತೆ ಕೋಹೋ ಸಾಲ್ಮನ್, ಅದರ ಬೆನ್ನಿಗೆ ನವೆಂಬರ್ ಮಳೆಯಲ್ಲಿ ಚಮ್ ಸಾಲ್ಮನ್.

ಈ ಕಣಿವೆಯ ಮೂಲನಿವಾಸಿಗಳಾದ ಸ್ನೋಕ್ವಾಲ್ಮಿ ಜನ ಮೀನನ್ನು ಉಳಿಸಿಕೊಳ್ಳುತ್ತಿದ್ದದ್ದು ಉಪ್ಪಿನಿಂದಲ್ಲ, ಹೊಗೆಯಿಂದ. ಅದಕ್ಕೆ ಹವಾಮಾನವೇ ಕಾರಣ. ಕ್ಯಾಸ್ಕೇಡ್ ಬೆಟ್ಟಸಾಲಿನ ಆಚೆ, ಕೊಲಂಬಿಯಾ ನದಿಯ ಸೆಲೈಲೋ ಅಬ್ಬಿ ಇದ್ದಂಥ ಕಡೆ, ಒಣಗಾಳಿ ಬೀಸುತ್ತದೆ. ಅಲ್ಲಿ ಸೀಳಿದ ಸಾಲ್ಮನ್ ಬರೀ ಗಾಳಿಗೆ ಒಣಗಿಬಿಡುತ್ತಿತ್ತು. ಬೆಟ್ಟದ ಈಚೆ ಹಾಗಲ್ಲ. ಮೀನು ಬರುವುದೂ ಮಳೆ ಹಿಡಿಯುವುದೂ ಒಟ್ಟೊಟ್ಟಿಗೇ. ಹೊರಗೆ ತೂಗುಹಾಕಿದರೆ ಬೂಸಲು ಬರುತ್ತದೆ. ಆದ್ದರಿಂದ ಮನೆಯೊಳಗೇ, ಸೂರಿನ ಕೆಳಗೆ ಮೀನನ್ನು ಇಳಿಬಿಟ್ಟು, ಕೆಳಗೆ ಆಲ್ಡರ್ ಮರದ ಸಣ್ಣ ಬೆಂಕಿ ಹಾಕಿ ದಿನಗಟ್ಟಲೆ ಹೊಗೆ ಕೊಡುತ್ತಿದ್ದರು. ಮಲೆನಾಡಿನ ಅಟ್ಟದ ಮೇಲೆ ಹೊಗೆ ಹಿಡಿಸಿ ವಸ್ತು ಕಾಪಾಡಿದವರಿಗೆ ಈ ಲೆಕ್ಕಾಚಾರ ವಿವರಿಸಿ ಹೇಳಬೇಕಿಲ್ಲ. ಗಮನಿಸಬೇಕಾದ್ದೇನೆಂದರೆ, ಈ ಪದ್ಧತಿಯಲ್ಲಿ ಹೊರಗಿನಿಂದ ತರಬೇಕಾದ ವಸ್ತು ಒಂದೂ ಇರಲಿಲ್ಲ. ಮೀನು ಊರಿನದು, ಸೌದೆ ಕಾಡಿನದು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಉಪ್ಪು ಇಲ್ಲಿಗೆ ವ್ಯಾಪಾರದ ಬೆನ್ನೇರಿ ಬಂತು. ಹಡ್ಸನ್ಸ್ ಬೇ ಕಂಪನಿ 1827ರಲ್ಲಿ ಫ್ರೇಸರ್ ನದಿಯ ಮೇಲೆ, ಈಗಿನ ಕೆನಡಾದ ನೆಲದಲ್ಲಿ, ಫೋರ್ಟ್ ಲ್ಯಾಂಗ್ಲಿ ಕಟ್ಟಿತು. ತುಪ್ಪುಳಿನ ಚರ್ಮ ಕೊಳ್ಳಲೆಂದು ಹಾಕಿದ ಕೋಟೆ ಅದು. ಆದರೆ ಕೆಲವೇ ವರ್ಷಗಳಲ್ಲಿ ಚರ್ಮಕ್ಕಿಂತ ಸಾಲ್ಮನ್ನೇ ಲಾಭ ಎಂದು ಗೊತ್ತಾಯಿತು. ಅಲ್ಲಿನ ಮೂಲನಿವಾಸಿಗಳಾದ ಸ್ಟೋಲೋ ಜನ ಮೀನು ಹಿಡಿದು ತರುತ್ತಿದ್ದರು, ಅವರ ಹೆಂಗಸರು ಸೀಳಿ ಶುಚಿ ಮಾಡುತ್ತಿದ್ದರು, ಕೋಟೆಯ ಬಡಗಿಗಳು ಅಲ್ಲಿಯದೇ ಮರದಿಂದ ಪೀಪಾಯಿ ಕಟ್ಟುತ್ತಿದ್ದರು. 1840ರ ದಶಕದ ಕೊನೆಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಪೀಪಾಯಿ ಉಪ್ಪು ಸಾಲ್ಮನ್ ಹಡಗು ಹತ್ತುತ್ತಿತ್ತು. ಅದರ ದೊಡ್ಡ ಗಿರಾಕಿ ಹವಾಯಿ ದ್ವೀಪ. ಸಾಲ್ಮನ್ ಈಜದ ಆ ಬಿಸಿನೀರಿನ ದ್ವೀಪಗಳಲ್ಲಿ ಇವತ್ತಿಗೂ ಹಬ್ಬದೂಟಕ್ಕೆ ಉಪ್ಪು ಸಾಲ್ಮನ್, ಟೊಮೆಟೊ, ಈರುಳ್ಳಿ ಕಿವುಚಿ ಮಾಡುವ ಲೋಮಿ ಸಾಲ್ಮನ್ ಇರಲೇಬೇಕು. ಹವಾಯಿಯ ಉಪ್ಪೇ ಈ ಕಡೆಯ ಮೀನಿಗೆ ಬರುತ್ತಿತ್ತು, ಉಪ್ಪುಂಡ ಮೀನು ಮತ್ತೆ ಹವಾಯಿಗೆ ಹೋಗುತ್ತಿತ್ತು.

ಅಮೆರಿಕದ ಸರಕಾರ ಮೂಲನಿವಾಸಿಗಳ ನೆಲ ಪಡೆದದ್ದು ಇದಾದ ಕೆಲವೇ ವರ್ಷಕ್ಕೆ. 1855ರ ಜನವರಿ 22ರಂದು, ಸ್ನೋಕ್ವಾಲ್ಮಿಯ ನೀರು ಕೊನೆಗೆ ಸೇರುವ ಕಡಲತೀರದಲ್ಲಿ, ಮುಕಿಲ್ಟಿಯೋ ಎಂಬಲ್ಲಿ ಪಾಯಿಂಟ್ ಎಲಿಯಟ್ ಒಪ್ಪಂದಕ್ಕೆ ಸಹಿಯಾಯಿತು. ಸ್ನೋಕ್ವಾಲ್ಮಿ ನಾಯಕ ಪಟ್ಕನಿಮ್ ಸಹಿ ಮಾಡಿದವರಲ್ಲಿ ಒಬ್ಬ. ನೆಲ ಬಿಟ್ಟುಕೊಟ್ಟರೂ ಹಿಂದಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಹಿಡಿಯುವ ಹಕ್ಕು ಉಳಿಯುತ್ತದೆ, ಅದನ್ನು ಪ್ರಾಂತ್ಯದ ಇತರ ಪ್ರಜೆಗಳ ಜೊತೆ ಹಂಚಿಕೊಳ್ಳಬೇಕು ಎಂದು ಅದರಲ್ಲಿ ಬರೆದಿತ್ತು. ಇಪ್ಪತ್ತೆರಡು ವರ್ಷ ಕಳೆದು, 1877ರಲ್ಲಿ, ಅದೇ ಮುಕಿಲ್ಟಿಯೋದಲ್ಲಿ ಪ್ಯೂಜೆಟ್ ಸೌಂಡ್ ಎಂಬ ಕಡಲಕೊಲ್ಲಿಯ ಮೊದಲ ಸಾಲ್ಮನ್ ಡಬ್ಬಿ ಕಾರ್ಖಾನೆ ಶುರುವಾಯಿತು. ಹಕ್ಕಿಗೆ ಸಹಿ ಬಿದ್ದ ದಡದಲ್ಲೇ ಆ ಹಕ್ಕನ್ನು ಕಿತ್ತುಕೊಳ್ಳುವ ಯಂತ್ರವೂ ಬಂದು ನಿಂತಿತು. ಇತಿಹಾಸದಲ್ಲಿ ಇಂಥ ಜೋಡಿ ಸಿಕ್ಕಾಗ ಅದನ್ನು ದಾಟಿ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಡಬ್ಬಿ ಬಂದರೂ ಪೀಪಾಯಿ ಹೋಗಲಿಲ್ಲ. ದೊಡ್ಡ ಚಿನೂಕ್ ಮೀನನ್ನು ಎರಡು ಹೋಳು ಮಾಡಿ, ಹದವಾಗಿ ಉಪ್ಪು ಹಾಕಿ, 800 ಪೌಂಡ್ ಹಿಡಿಯುವ ದೊಡ್ಡ ಪೀಪಾಯಿಗಳಲ್ಲಿ ತಣ್ಣಗಿಟ್ಟು ಜರ್ಮನಿಗೆ ಕಳಿಸುತ್ತಿದ್ದರು, ಅಲ್ಲಿ ಅದಕ್ಕೆ ಹೊಗೆ ಕೊಡುತ್ತಿದ್ದರು. ಚಮ್ ಸಾಲ್ಮನ್‌ಗೆ ಬರೀ ಉಪ್ಪು ತುಂಬಿ ಜಪಾನಿಗೆ ಕಳಿಸುತ್ತಿದ್ದರು. ಈ ಉಪ್ಪಿನ ದಂಧೆಯ ಗಾತ್ರ ಕಣ್ಣಿಗೆ ಕಟ್ಟಬೇಕಾದರೆ ಸಿ.ಎ. ಥೇಯರ್ ಎಂಬ ಮೂರು ಕೂವೆಯ ಹಾಯಿಹಡಗಿನ ಕತೆ ಸಾಕು. 1895ರಲ್ಲಿ ಮರ ಸಾಗಿಸಲು ಕಟ್ಟಿದ ಹಡಗು ಅದು. 1912ರಿಂದ ಸುಮಾರು ಹನ್ನೆರಡು ವರ್ಷ ಪ್ರತಿ ಬೇಸಿಗೆಯಲ್ಲೂ ಸ್ಯಾನ್ ಫ್ರಾನ್ಸಿಸ್ಕೊದಿಂದ ಟನ್ನುಗಟ್ಟಲೆ ಉಪ್ಪು, ಪೀಪಾಯಿಯ ಹಲಗೆಗಳ ಕಟ್ಟು, ದೋಣಿಗಳನ್ನು ಹೇರಿಕೊಂಡು ಅಲಾಸ್ಕಾಕ್ಕೆ ಹೋಗಿ, ಆ ಉಪ್ಪನ್ನೆಲ್ಲ ಹೀರಿಕೊಂಡ ಸಾಲ್ಮನ್ ಹೊತ್ತು ಬರುತ್ತಿತ್ತು. 1925ರಲ್ಲಿ ಅದನ್ನು ಸಿಯಾಟಲ್ ಎದುರಿನ ಪೌಲ್ಸ್‌ಬೋ ಎಂಬ ಊರಿನವರು ಕೊಂಡು ಬೇರಿಂಗ್ ಸಮುದ್ರದ ಕಾಡ್ ಮೀನಿಗೆ ಹಚ್ಚಿದರು. ಒಬ್ಬೊಬ್ಬರೇ ಸಣ್ಣ ದೋಣಿಯಲ್ಲಿ ಕೂತು ಗಾಳ ಹಾಕಿ ಹಿಡಿಯುವುದು, ಹಡಗಿಗೆ ತಂದು ಸೀಳಿ ಉಪ್ಪಿನಲ್ಲಿ ಅಡಕುವುದು. ಥೇಯರ್ ಕೊನೆಯ ಸಲ ಹೋಗಿಬಂದದ್ದು 1950ರಲ್ಲಿ. ಅಮೆರಿಕದ ಪಶ್ಚಿಮ ತೀರದಲ್ಲಿ ಹಾಯಿಯಿಂದಲೇ ಹೊಟ್ಟೆ ಹೊರೆದ ಕೊನೆಯ ಹಡಗು ಅದು. ಈಗ ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಂ ಕಟ್ಟೆಯಲ್ಲಿದೆ.

ಪೌಲ್ಸ್‌ಬೋ ನಾರ್ವೆಯವರ ಊರು. 1907ರಲ್ಲಿ ಸಿಯಾಟಲ್‌ಗೆ ಸೇರಿಕೊಂಡ ಬ್ಯಾಲರ್ಡ್ ಕೂಡ ಹಾಗೆಯೇ, ನಾರ್ವೆ ಮತ್ತು ಸ್ವೀಡನ್ನಿನಿಂದ ಬಂದ ಬೆಸ್ತರು, ಮರದ ಮಿಲ್ಲಿನ ಕೂಲಿಗಳು ನೆಲೆ ನಿಂತ ಬಡಾವಣೆ. ಮೀನಿಗೆ ವಿನೆಗರ್ ಹಾಕಿ ಮನೆಯಲ್ಲೇ ಇಡುವ ಅಭ್ಯಾಸ ಈ ಸೀಮೆಗೆ ಬಂದದ್ದು ಮುಖ್ಯವಾಗಿ ಅವರ ಅಡುಗೆಮನೆಯಿಂದ. ಅವರ ಊರಿನಲ್ಲಿ ಅದಕ್ಕೆ ಹೆರಿಂಗ್ ಮೀನು, ಇಲ್ಲಿ ಹೆರಿಂಗ್ ಜೊತೆಗೆ ಸಾಲ್ಮನ್ನೂ ಸೇರಿತು.

ಆ ಕ್ರಮದಲ್ಲಿ ಬೆಂಕಿಯೇ ಇಲ್ಲ. ಮುಳ್ಳು, ಚರ್ಮ ತೆಗೆದ ಮೀನನ್ನು ಹೆಬ್ಬೆರಳಿನಷ್ಟು ದಪ್ಪದ ತುಂಡು ಮಾಡಿ, ಉಪ್ಪಿನಲ್ಲಿ ಹೂತಿಟ್ಟು ಕೆಲವು ದಿನ ಬಿಡುತ್ತಾರೆ. ನೀರು ಬಿಟ್ಟು ಮಾಂಸ ಗಟ್ಟಿಯಾಗುತ್ತದೆ. ಆಮೇಲೆ ತಣ್ಣೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತ, ನಾಲಿಗೆಗೆ ಹಿತವಾಗುವಷ್ಟು ಉಪ್ಪು ಇಳಿಸುತ್ತಾರೆ. ಕಡೆಗೆ ವಿನೆಗರ್, ಸಕ್ಕರೆ, ಕಾಳುಮೆಣಸು, ಸಾಸಿವೆ, ಆಲ್‌ಸ್ಪೈಸ್, ಲಾರೆಲ್ ಎಲೆ ಕುದಿಸಿ ಆರಿಸಿದ ನೀರು. ಗಾಜಿನ ಜಾಡಿಯಲ್ಲಿ ಒಂದು ಪದರ ಮೀನು, ಒಂದು ಪದರ ಈರುಳ್ಳಿ ಬಳೆ, ಮೇಲೆ ಆ ಹುಳಿನೀರು. ಫ್ರಿಜ್ಜಿನಲ್ಲಿ ವಾರ ಕಳೆಯುವಷ್ಟರಲ್ಲಿ ಮಾಂಸ ಮಂಕಾಗಿ, ಬೆಂದ ಮೀನಿನಂತೆ ಬಿಗಿಯಾಗುತ್ತದೆ. ಬೇಯಿಸಿದ್ದು ಹುಳಿ. ಉಳಿದುಹೋದ ಸಣ್ಣ ಮುಳ್ಳೂ ಮೆತ್ತಗಾಗಿ ಹಲ್ಲಿಗೆ ಸಿಕ್ಕುವುದಿಲ್ಲ.

ಡುವಾಲ್ ಪುರಸಭೆಯಾದ 1913, ಪ್ಯೂಜೆಟ್ ಸೌಂಡ್‌ನ ಸಾಲ್ಮನ್ ಕಾರ್ಖಾನೆಗಳು ದಾಖಲೆ ಪ್ರಮಾಣದಲ್ಲಿ ಡಬ್ಬಿ ತುಂಬಿದ ವರ್ಷ. ಅದೇ ವರ್ಷ ಫ್ರೇಸರ್ ನದಿಯ ಹೆಲ್ಸ್ ಗೇಟ್ ಕಮರಿಯಲ್ಲಿ ರೈಲುದಾರಿಯ ಕಲ್ಲುಮಣ್ಣು ಬಿದ್ದು ಮೀನಿನ ದಾರಿ ಕಟ್ಟಿತು. ಆ ಕಾರ್ಖಾನೆಗಳನ್ನು ತುಂಬಿಸುತ್ತಿದ್ದ ಆ ನದಿಯ ದೊಡ್ಡ ಸಂತತಿ ಮತ್ತೆ ಹಿಂದಿನ ಮಟ್ಟ ಮುಟ್ಟಲಿಲ್ಲ. ಕಡಲಲ್ಲಿ ಗೂಟ ನೆಟ್ಟು ಬಲೆ ಕಟ್ಟಿ ಗುಂಪನ್ನೇ ಬಾಚುತ್ತಿದ್ದ ಕಾರ್ಖಾನೆಗಳ ಬೋನುಗಳನ್ನು ವಾಷಿಂಗ್ಟನ್ ರಾಜ್ಯದ ಮತದಾರರೇ 1934ರಲ್ಲಿ ನಿಷೇಧಿಸಿದರು. ಅಷ್ಟು ಹೊತ್ತಿಗೆ ಮೂಲನಿವಾಸಿಗಳು ತಮ್ಮದೇ ನದಿಯಲ್ಲಿ ಮೀನು ಹಿಡಿದರೆ ಕಳ್ಳರು ಎಂಬಂತಾಗಿತ್ತು. ನಿಸ್ಕ್ವಾಲಿ ಜನಾಂಗದ ಬಿಲ್ಲಿ ಫ್ರಾಂಕ್ ಮೊದಲ ಸಲ ಬಂಧನಕ್ಕೊಳಗಾದದ್ದು 1945ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ. ದಶಕಗಟ್ಟಲೆ ಬಂಧನ, ಹೊಡೆತ, ಬಲೆ ಜಪ್ತಿ ನಡೆದ ಮೇಲೆ 1974ರ ಫೆಬ್ರುವರಿ 12ರಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು: ಹಳೆಯ ಒಪ್ಪಂದದ ಅರ್ಥ, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಒಪ್ಪಂದಕ್ಕೆ ಸೇರಿದ ಬುಡಕಟ್ಟುಗಳದು. ಆದರೆ ಡುವಾಲ್ ಕಣಿವೆಯ ಸ್ನೋಕ್ವಾಲ್ಮಿಗಳಿಗೆ ಆ ಪಾಲು ದಕ್ಕಲಿಲ್ಲ. 1979ರಲ್ಲಿ ಅದೇ ನ್ಯಾಯಾಧೀಶರು ಅವರನ್ನೂ ಇನ್ನು ನಾಲ್ಕು ಬುಡಕಟ್ಟುಗಳನ್ನೂ ಹಕ್ಕಿನ ಪಟ್ಟಿಯಿಂದ ಹೊರಗಿಟ್ಟರು. ಒಂದು ಬುಡಕಟ್ಟಾಗಿ ಕೇಂದ್ರ ಸರಕಾರದ ಮಾನ್ಯತೆ ಅವರಿಗೆ ಮತ್ತೆ ಸಿಕ್ಕಿದ್ದು 1999ರಲ್ಲಿ. ಪ್ಯೂಜೆಟ್ ಸೌಂಡ್‌ನ ಚಿನೂಕ್ ಸಾಲ್ಮನ್ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದ ವರ್ಷವೂ ಅದೇ. ಒಪ್ಪಂದಕ್ಕೆ ಸಹಿ ಹಾಕಿದ ನಾಯಕನ ಜನರೇ ಒಪ್ಪಂದದ ಫಲದಿಂದ ಹೊರಗುಳಿದದ್ದು ಈ ಚರಿತ್ರೆಯ ದೊಡ್ಡ ಅನ್ಯಾಯ.

ಹೀಗೆ ಇಲ್ಲಿ ಉಪ್ಪು ಎಲ್ಲರಿಗೂ ಅಗ್ಗವಾಯಿತು, ಮೀನಿಗೆ ಬೀಗ ಬಿತ್ತು. ಕನ್ನಡ ಕರಾವಳಿಯಲ್ಲಿ ನಡೆದದ್ದು ಇದರ ತದ್ವಿರುದ್ಧ. ಅಲ್ಲಿ ಮೀನಿಗೆ ಯಾರೂ ಬೀಗ ಹಾಕಿರಲಿಲ್ಲ, ಬೀಗ ಬಿದ್ದದ್ದು ಉಪ್ಪಿಗೆ.

ಮೀನು ನಮ್ಮ ಪಾಕಚರಿತ್ರೆಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮೀನು ಹಿಡಿಯುವ ವಿನೋದಕ್ಕೂ ಜಾಗವಿದೆ, ಮೀನಡುಗೆಗೂ ಜಾಗವಿದೆ. ಆದರೆ ಅರಮನೆಯ ತಟ್ಟೆಯ ಮಾತು ಬೇರೆ, ಸೆಪ್ಟೆಂಬರ್ ನಂತರ ಬಂಗುಡೆ, ಬೂತಾಯಿ ಗುಂಪುಗುಂಪಾಗಿ ದಡಕ್ಕೆ ಬಂದು ಕೈರಂಪಣಿ ಬಲೆ ಎಳೆದಾಗ ಮರಳ ಮೇಲೆ ಬೀಳುವ ರಾಶಿಯ ಮಾತು ಬೇರೆ. ಅಷ್ಟೂ ಮೀನು ಅಂದೇ ತಿಂದು ಮುಗಿಯುವಂಥದ್ದಲ್ಲ. ಒಂದಿಷ್ಟು ತಲೆಹೊರೆಯಲ್ಲಿ ಒಳನಾಡಿಗೆ, ಒಂದಿಷ್ಟು ತೆಂಗಿನ ಬುಡಕ್ಕೆ ಗೊಬ್ಬರವಾಗಿ, ಉಳಿದದ್ದು ಮಳೆಗಾಲಕ್ಕೆ. ಮಳೆಗಾಲವೆಂದರೆ ಕಡಲು ಮುನಿದು ದೋಣಿ ಇಳಿಯದ ತಿಂಗಳುಗಳು. ಆಗ ಗಂಜಿಯ ಜೊತೆಗೆ ನಂಜಿಕೊಳ್ಳಲು ಒಂದು ಉಪ್ಪು ಮೀನಿನ ತುಂಡು ಬೇಕೇ ಬೇಕು.

ಮದ್ರಾಸ್ ಸರಕಾರ 1805ರಲ್ಲಿ ಉಪ್ಪಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಕೆನರಾ ಜಿಲ್ಲೆ ಆಗ ಮದ್ರಾಸಿನ ಕೆಳಗಿತ್ತು, 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ತೆರಿಗೆ ಏರಿದಂತೆ ಮೊದಲ ಪೆಟ್ಟು ಬಿದ್ದದ್ದು ಮೀನಿಗೆ. ಅನ್ನಕ್ಕೆ ಚಿಟಿಕೆ ಉಪ್ಪು ಸಾಕು. ಮೀನಿಗೆ ಹಾಗಲ್ಲ, ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು. ಮೀನಿಗಿಂತ ಉಪ್ಪೇ ದುಬಾರಿಯಾದರೆ ಉಪ್ಪಿಡುವವರು ಯಾರು? ಬಡವರು ಉಪ್ಪಿಲ್ಲದೆ ಬಿಸಿಲಿಗೆ ಹಾಕಿದರು, ಇಲ್ಲವೆ ಕರಾವಳಿಯ ಉಪ್ಪುಮಣ್ಣನ್ನೇ ಕೆರೆದು ಬಳಿದರು. ಆ ಮಣ್ಣು ಕೆರೆಯುವುದೂ ಅಪರಾಧವೇ ಆಗಿತ್ತು. 1870ರ ದಶಕದಲ್ಲಿ ಭಾರತದ ಮೀನುಗಾರಿಕೆಯ ತಪಾಸಣೆಗೆ ನೇಮಕವಾಗಿದ್ದ ಫ್ರಾನ್ಸಿಸ್ ಡೇ ಎಂಬ ವೈದ್ಯ ತೀರವೆಲ್ಲ ಸುತ್ತಿ, ಉಪ್ಪಿನ ಸುಂಕವೇ ಮೀನು ಉಳಿಸುವ ಕಸುಬನ್ನು ಕೊಲ್ಲುತ್ತಿದೆ ಎಂದು ಸರಕಾರಕ್ಕೇ ವರದಿ ಕೊಟ್ಟ. ಭಾರತದ ಮೀನುಗಳ ಮೇಲೆ ಆತ ಬರೆದ ಗ್ರಂಥವನ್ನು ಮೀನುಶಾಸ್ತ್ರದವರು ಇಂದಿಗೂ ತೆರೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಬೆಸ್ತರ ಅಡುಗೆಮನೆಯ ಕಷ್ಟ ಕಂಡು ಅದನ್ನು ಕಾಗದಕ್ಕೆ ಇಳಿಸಿದ್ದಕ್ಕಾಗಿ ಆತನನ್ನು ನೆನೆಯಬೇಕು.

ಪರಿಹಾರವಾಗಿ ಬಂದದ್ದು ಸರಕಾರಿ ಯಾರ್ಡುಗಳು. ಸುತ್ತ ಬೇಲಿ, ಒಳಗೆ ಸುಂಕವಿಲ್ಲದ ಉಪ್ಪು, ಬಾಗಿಲಲ್ಲಿ ಕಾವಲು. ಬೆಸ್ತರು ಮೀನು ತಂದು ಅಲ್ಲೇ ಉಪ್ಪು ಹಚ್ಚಬೇಕು, ಉಪ್ಪಿನ ಒಂದು ಹರಳೂ ಬೇಲಿ ದಾಟಿ ಮನೆಗೆ ಹೋಗಬಾರದು. ವ್ಯಾಪಾರಕ್ಕೆ ಇದು ಉಸಿರು ಕೊಟ್ಟಿತು, ಒಪ್ಪಲೇಬೇಕು. ಆದರೆ ಮನೆಯೊಳಗಿನ ಭರಣಿಗೆ ಏನೂ ಕೊಡಲಿಲ್ಲ. ಅಗ್ಗದ ಉಪ್ಪು ವ್ಯಾಪಾರಿಯ ಮೀನಿಗೆ, ತೆರಿಗೆಯ ಉಪ್ಪು ಬೆಸ್ತರ ಹೆಂಗಸಿನ ಮೀನಿಗೆ.

ಆ ಕಾಲದ ದಕ್ಷಿಣ ಕನ್ನಡ ಮತ್ತು ಮಲಬಾರಿನಲ್ಲಿ ಬೆಳೆದ ಒಂದು ಕ್ರಮ ಮಾತ್ರ ಜಗತ್ತಿನ ಯಾವ ಮೀನು ಉಪ್ಪಿನಕಾಯಿಗೂ ಸಾಟಿಯಾದದ್ದು. ಸರಕು ಹೋಗುತ್ತಿದ್ದದ್ದು ಸಿಲೋನಿಗೆ, ಹಾಗಾಗಿ ಅದಕ್ಕೆ ಕೊಲಂಬೊ ಕ್ಯೂರ್ ಎಂದೇ ಹೆಸರಾಯಿತು. ಬಂಗುಡೆಯ ಕರುಳು, ಕಿವಿರು ತೆಗೆದು ಸಮುದ್ರದ ನೀರಿನಲ್ಲಿ ತೊಳೆಯುತ್ತಿದ್ದರು. ಮೀನಿನ ಖಾಲಿ ಹೊಟ್ಟೆಯೊಳಗೆ ಉಪ್ಪಾಗೆ ಎಂಬ ಹುಳಿಹಣ್ಣಿನ ಒಣ ಸಿಪ್ಪೆಯ ಚೂರೊಂದನ್ನು ಇಡುತ್ತಿದ್ದರು. ಉಪ್ಪು ಬೆರೆಸಿ ದೊಡ್ಡ ಮರದ ಬಾನಿಯಲ್ಲೋ ಸಿಮೆಂಟಿನ ತೊಟ್ಟಿಯಲ್ಲೋ ಅಡಕಿ, ಮೇಲೆ ಚಾಪೆ ಹಾಸಿ, ಕಲ್ಲು ಹೇರುತ್ತಿದ್ದರು. ಒಂದೆರಡು ದಿನಕ್ಕೆ ಮೀನೇ ಬಿಟ್ಟ ನೀರು ಮೇಲೆದ್ದು ಎಲ್ಲವನ್ನೂ ಮುಚ್ಚುತ್ತಿತ್ತು. ತಿಂಗಳುಗಟ್ಟಲೆ ಹಾಗೆಯೇ ಇದ್ದು, ಹಡಗು ಬಂದಾಗ ಅದೇ ನೀರಿನ ಸಮೇತ ಪೀಪಾಯಿಗೆ ತುಂಬಿಕೊಂಡು ಕೊಲಂಬೊಗೆ ಹೊರಡುತ್ತಿತ್ತು.

ಇದರ ಹಿಂದಿರುವ ತಿಳಿವು ಅಸಾಧಾರಣವಾದದ್ದು. ಬಂಗುಡೆ ಎಣ್ಣೆಮೀನು. ಗಾಳಿಗೆ ಒಣಗಿಸಿದರೆ ಎಣ್ಣೆ ಕಮಟು ಹಿಡಿದು ಹಳದಿಯಾಗುತ್ತದೆ, ಕರಾವಳಿಯ ತೇವಕ್ಕೆ ಮತ್ತೆ ನೀರು ಎಳೆದುಕೊಳ್ಳುತ್ತದೆ. ಉಪ್ಪುನೀರಿನಡಿ ಮುಳುಗಿದ್ದರೆ ಗಾಳಿ ತಾಗುವುದಿಲ್ಲ. ಉಪ್ಪಾಗೆಯ ಹುಳಿ ಸೇರಿದರೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇನ್ನಷ್ಟು ಕಷ್ಟ, ಮಾಂಸವೂ ಬಿಗಿ. ನಾರ್ವೆಯವರು ವಿನೆಗರ್‌ನಿಂದ ಮಾಡಿದ್ದನ್ನು ನಮ್ಮವರು ಪಶ್ಚಿಮ ಘಟ್ಟದ ಕಾಡುಹಣ್ಣಿನಿಂದ ಮಾಡಿದರು. ಕೊಡಗಿನಲ್ಲಿ ಹಂದಿಕರಿಗೆ ಹಾಕುವ ಕಾಚಂಪುಳಿಯೂ ಅದೇ ಉಪ್ಪಾಗೆಯ ಹಣ್ಣಿನ ರಸ ಕುದಿಸಿ ಇಳಿಸಿದ್ದು. ಶ್ರೀಲಂಕಾದ ಮನೆಗಳಲ್ಲಿ ಗೊರಕ ಎಂಬ ಹೆಸರಿನ ಅದೇ ಹುಳಿ ಹಾಕಿ ಜಾಡಿ ಎಂಬ ಮೀನಿನ ಉಪ್ಪಿನಕಾಯಿ ಇಂದಿಗೂ ಆಗುತ್ತದೆ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಗೋಕರ್ಣದ ಬಳಿ ಸಾಣಿಕಟ್ಟೆಯ ಆಗರಗಳಲ್ಲಿ ತಲೆತಲಾಂತರದಿಂದ ಉಪ್ಪು ಬೆಳೆಯುತ್ತಿದ್ದ ಸೀಮೆ ಅದು. ಮರುವರ್ಷದ ಮಾರ್ಚ್‌ನಲ್ಲಿ ಆದ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ, ಉಪ್ಪು ಸಿಗುವ ಊರುಗಳವರು ತಮ್ಮ ಬಳಕೆಗೆ ಅದನ್ನು ಮಾಡಿಕೊಳ್ಳಬಹುದು, ಊರೊಳಗೆ ಮಾರಬಹುದು ಎಂಬ ರಿಯಾಯಿತಿ ಸೇರಿತು. ತೆರಿಗೆ ಪೂರ್ತಿ ಹೋದದ್ದು 1947ರಲ್ಲಿ. ಮುಕಿಲ್ಟಿಯೋದ ಕಾಗದವನ್ನೂ ದೆಹಲಿಯ ಕಾಗದವನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಒಂದು ಮನೆಯ ಮಡಕೆಗೆ ಮೀನು ಬೀಳಲು, ಇನ್ನೊಂದು ಮನೆಯ ಭರಣಿಗೆ ಉಪ್ಪು ಬೀಳಲು ಎರಡು ಸಾಮ್ರಾಜ್ಯಗಳ ಜೊತೆ ಕರಾರು ಮಾಡಿಕೊಳ್ಳಬೇಕಾಗಿ ಬಂತು.

ಉಪ್ಪು ಬಿಡುಗಡೆಯಾದ ಮೇಲೆ ಮೀನಿಗೆ ಅದರ ಅಗತ್ಯವೇ ಕಡಿಮೆಯಾಯಿತು. ಐಸು ಬಂತು. 1952ರ ಒಪ್ಪಂದದಂತೆ ಕೇರಳದ ಕೊಲ್ಲಂ ಬಳಿ ಶುರುವಾದ ಇಂಡೋ–ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಯಂತ್ರದೋಣಿ, ಐಸಿನ ಕಾರ್ಖಾನೆ, ಶೀತಲಗೃಹ. ಬ್ಯಾಲರ್ಡಿಗೆ ಹೆರಿಂಗಿನ ಜಾಡಿ ತಂದ ದೇಶದ ಜನ ಕಾರವಾರಕ್ಕೆ ಐಸು ತಂದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ದೋಣಿಗಳು ಬಂದು ರಂಪಣಿ ಮೂಲೆ ಸೇರಿತು, ಪರದೇಶದ ಗಿರಾಕಿಯೂ ಕರಗಿ ಕೊಲಂಬೊ ಪೀಪಾಯಿಗಳು ನಿಂತುಹೋದವು.

ಆದರೆ ಮನೆಯ ಉಪ್ಪಿನಕಾಯಿ ನಿಲ್ಲಲಿಲ್ಲ, ಬೇರೆ ರೂಪ ತಳೆಯಿತು. ಗೋವಾದ ಕ್ರೈಸ್ತ ಮನೆಗಳಲ್ಲಿ ಒಣಮೀನನ್ನು ಕಳ್ಳಿನ ವಿನೆಗರ್ ಮತ್ತು ಮಸಾಲೆಯಲ್ಲಿಡುವ ಪಾರ ಇತ್ತು. ನಮ್ಮ ಕರಾವಳಿಯಲ್ಲಿ ಅಂಜಲಿನ ತುಂಡು, ಸಿಗಡಿ ಹಾಕಿ ಮಾಡುವ ಖಾರದ ಉಪ್ಪಿನಕಾಯಿ ಊರು ಬಿಟ್ಟು ಹೋಗುವವರ ಪೆಟ್ಟಿಗೆಯ ಕಾಯಂ ಸಾಮಾನು. ಮುಂಬಯಿಯ ಉಡುಪಿ ಹೋಟೆಲಿನ ಕೆಲಸಕ್ಕೆ ಹೊರಟ ಹುಡುಗನಿಂದ ಹಿಡಿದು ಕೊಲ್ಲಿ ದೇಶಕ್ಕೆ ಹೊರಟವನವರೆಗೆ ಅಮ್ಮಂದಿರು ಅದನ್ನೇ ಕಟ್ಟಿಕೊಟ್ಟರು.

ಮೈಕ್ರೋಸಾಫ್ಟ್ 1986ರಲ್ಲಿ ರೆಡ್ಮಂಡಿಗೆ ಬಂದ ಮೇಲೆ ಆ ಸುತ್ತಿನ ಊರುಗಳಿಗೆ ಕನ್ನಡದ ಮನೆಗಳೂ ಬಂದವು. ರೆಡ್ಮಂಡಿನಿಂದ ಗುಡ್ಡ ಹತ್ತಿ ಇಳಿದರೆ ಡುವಾಲ್. ಅಲ್ಲಿ ಕರಾವಳಿಯ ಕೈಗೆ ಪಿಂಕ್ ಸಾಲ್ಮನ್ ಸಿಕ್ಕರೆ ಅದು ಅಂಜಲಿನ ಜಾಗದಲ್ಲಿ ಕೂರುತ್ತದೆ. ಮುಳ್ಳು ಕಿತ್ತು, ಅಂಗುಲದಷ್ಟು ತುಂಡು ಮಾಡಿ, ಉಪ್ಪು ಅರಸಿನ ಹಚ್ಚಿ, ಅಡುಗೆಕಾಗದದ ಮೇಲೆ ನೀರಾರಿಸಬೇಕು. ಸಾಲ್ಮನ್ನಿಗೆ ಪದರ ಪದರವಾಗಿ ಬಿರಿಯುವ ಗುಣ, ಅದರಲ್ಲೂ ಪಿಂಕ್ ತೀರಾ ಮೆದು. ನೀರಿನ ಪಸೆ ಉಳಿದರೆ ಎಣ್ಣೆಯಲ್ಲಿ ಪುಡಿಪುಡಿಯಾಗುತ್ತದೆ. ಆದ್ದರಿಂದ ಕಡಿಮೆ ತುಂಡು, ಹೆಚ್ಚು ಎಣ್ಣೆ, ಅಂಚು ಕೆಂಪಾಗುವವರೆಗೆ ಸೌಟು ತಾಗಿಸದೆ ಕಾಯುವ ತಾಳ್ಮೆ. ಬೇರೆ ಬಾಣಲೆಯಲ್ಲಿ ಸಾಸಿವೆ ಸಿಡಿಸಿ, ಕರಿಬೇವು, ಶುಂಠಿ, ಬೆಳ್ಳುಳ್ಳಿ ಬ್ರೌನಾದ ಮೇಲೆ ಉರಿ ಆರಿಸಿ, ಬ್ಯಾಡಗಿ ಮೆಣಸಿನ ಪುಡಿ, ಹುರಿದ ಮೆಂತೆಯ ಪುಡಿ. ಮೇಲೆ ವಿನೆಗರ್ ಸುರಿದಾಗ ಏಳುವ ಘಾಟಿಗೆ ಕೆಮ್ಮು ಬರುತ್ತದೆ, ಕಿಟಕಿ ತೆರೆಯಬೇಕು. ತೆಂಗಿನೆಣ್ಣೆ ಇಲ್ಲಿ ನಡೆಯುವುದಿಲ್ಲ. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿ ಮಸಾಲೆಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಎಳ್ಳೆಣ್ಣೆಯೇ ಸೈ.

ಫ್ರಿಜ್ಜು ಮಾತ್ರ ಕಡ್ಡಾಯ. ವಾಷಿಂಗ್ಟನ್, ಆರೆಗಾನ್, ಐಡಹೊ ರಾಜ್ಯಗಳ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗಗಳು ಮನೆಯಲ್ಲಿ ಮೀನಿಗೆ ಹುಳಿ ಹಾಕುವವರಿಗೆಂದೇ ಕೈಪಿಡಿ ಹೊರಡಿಸಿವೆ. ವಿನೆಗರ್‌ನಲ್ಲಿ ಅಸೆಟಿಕ್ ಆಮ್ಲ ಕನಿಷ್ಠ ಶೇಕಡ 5 ಇರಬೇಕು, ಜಾಡಿ ಶುರುವಿನಿಂದ ಕೊನೆಯವರೆಗೂ ತಣ್ಣಗಿರಬೇಕು, ನಾಲ್ಕರಿಂದ ಆರು ವಾರದಲ್ಲಿ ಮುಗಿಸಬೇಕು. ಹಸಿ ಮೀನಿನಲ್ಲಿ ಮಾಡುವ ನಾರ್ವೆ ಕ್ರಮಕ್ಕೆ ಇನ್ನೊಂದು ಎಚ್ಚರಿಕೆಯೂ ಇದೆ. ಸಾಲ್ಮನ್ನಿನ ಮಾಂಸದಲ್ಲಿ ಸಣ್ಣ ಹುಳುಗಳಿರಬಹುದು. ಉಪ್ಪು, ವಿನೆಗರ್ ಅವನ್ನು ಕೊಲ್ಲುತ್ತವೆಂದು ನಂಬುವಂತಿಲ್ಲ. ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಏಳು ದಿನ ಇಟ್ಟ ಮೇಲೆಯೇ ಉಪ್ಪಿಗೆ ಹಾಕಬೇಕು. ಮಂಗಳೂರಿನ ಕ್ರಮದಲ್ಲಿ ಮೀನನ್ನು ಮೊದಲೇ ಎಣ್ಣೆಯಲ್ಲಿ ಕರಿಯುವುದರಿಂದ ಆ ಒಂದು ಭಯವಿಲ್ಲ. ಆದರೆ ಎಣ್ಣೆಯಡಿ ಕೂತ ಬೆಳ್ಳುಳ್ಳಿಯೂ ಮೀನೂ ಬೆಚ್ಚಗಿನ ಕಪಾಟಿನಲ್ಲಿದ್ದರೆ ಬಾಟ್ಯುಲಿಸಂ ವಿಷ ಹುಟ್ಟಬಹುದು. ಊರಿನಲ್ಲಿ ಅಜ್ಜಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮಳೆಗಾಲ ದಾಟಿಸುತ್ತಿದ್ದದ್ದು ಮೂರಕ್ಕೊಂದು ಪಾಲು ಉಪ್ಪಿನ ಬಲದಿಂದ. ಅಷ್ಟು ಉಪ್ಪು ಈಗ ಯಾರೂ ತಿನ್ನುವುದಿಲ್ಲ.

ನದಿಯಲ್ಲಿ ಗಾಳ ಹಾಕಲು ರಾಜ್ಯದ ಲೈಸೆನ್ಸ್ ಬೇಕು, ದಿನಕ್ಕೆ ಎಷ್ಟು ಮೀನು ಎಂಬ ಮಿತಿಯೂ ಇದೆ, ಹಿಂಡು ಸಣ್ಣದಾದ ವರ್ಷ ಹಂಗಾಮನ್ನೇ ಮುಚ್ಚುತ್ತಾರೆ. ಹಿಡಿದದ್ದನ್ನು ಕಾರ್ಡಿನಲ್ಲಿ ಬರೆದು ಲೆಕ್ಕ ಒಪ್ಪಿಸಬೇಕು. ಉಪ್ಪಿಗೆ ಅಂಥ ಲೆಕ್ಕವಿಲ್ಲ. ಅಯೋಡಿನ್ ಸೇರಿಸದ, ಉಪ್ಪಿನಕಾಯಿಗೆಂದೇ ಮಾರುವ ಉಪ್ಪಿನ ಪೊಟ್ಟಣ ಡುವಾಲಿನ ದಿನಸಿ ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ.